ಸ್ಟಿಕ್ಕರ್ ಆಮೇಲೆ ಅಂಟಿಸಿ, ಮೊದಲು ಗುಟ್ಟು ಉಳಿಸಿ: ನಮ್ಮ ಕಡೆಯ ಕಾಲೇಜಿನ ಮೇಷ್ಟ್ರು, ಮೇಡಂ, ಆಫೀಸಿನವರಿಗೆ ಒಂದು ಮಾರ್ಗದರ್ಶಿ

ದಾವಣಗೆರೆಯಲ್ಲಿ ಕಾಲೇಜುಗಳಿಗೆ ಬರಗಾಲ ಇಲ್ಲ. ಮೆಡಿಕಲ್, ಇಂಜಿನಿಯರಿಂಗ್, ಡಿಗ್ರಿ, ಬಿ.ಎಡ್., ನರ್ಸಿಂಗ್, ಅತ್ತ ತೋಳಹುಣಸೆಯಲ್ಲಿ ವಿಶ್ವವಿದ್ಯಾನಿಲಯ. ಜಗಳೂರು, ಹೊನ್ನಾಳಿ, ಚನ್ನಗಿರಿ, ಹರಿಹರ, ಹರಪನಹಳ್ಳಿ ಕಡೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ಬರುವ ಮಕ್ಕಳು, ಹಾಸ್ಟೆಲ್ಲಿನ ಮಕ್ಕಳು, ವಿದ್ಯಾನಗರದ ಪಿಜಿಗಳಲ್ಲಿ ಇರುವ ಮಕ್ಕಳು. ಇಷ್ಟು ಜನರಲ್ಲಿ ಹುಡುಗರನ್ನೇ ಇಷ್ಟಪಡುವ ಗೇ ಹುಡುಗರು, ಹುಡುಗಿಯರನ್ನೇ ಇಷ್ಟಪಡುವ ಲೆಸ್ಬಿಯನ್ ಹುಡುಗಿಯರು, ಇಬ್ಬರನ್ನೂ ಇಷ್ಟಪಡುವ ಬೈಸೆಕ್ಷುವಲ್, ಹುಟ್ಟಿದಾಗ ಬರೆಸಿದ ಲಿಂಗ ತಮ್ಮದಲ್ಲ ಅನ್ನಿಸುವ ಟ್ರಾನ್ಸ್ ವಿದ್ಯಾರ್ಥಿಗಳು ಇದ್ದೇ ಇರುತ್ತಾರೆ. "ನಮ್ಮ ಕಾಲೇಜಲ್ಲಿ ಅಂಥವರು ಯಾರೂ ಇಲ್ಲ" ಅಂತ ಸ್ಟಾಫ್ ರೂಮಿನಲ್ಲಿ ಯಾರಾದರೂ ಹೇಳಿದರೆ, ಅವರಿಗೆ ಯಾರೂ ಹೇಳಿಲ್ಲ ಅಂತ ಅರ್ಥ, ಅಷ್ಟೇ.

ಬೆಂಗಳೂರಿನ ದೊಡ್ಡ ಕ್ಯಾಂಪಸ್ಸುಗಳಿಗೆ ಬರೆದ ಸಲಹೆಗಳನ್ನು ಓದಿದ್ದೇನೆ. ನಿಮ್ಮ ಕ್ಯಾಬಿನ್ ಬಾಗಿಲಿಗೆ ಕಾಮನಬಿಲ್ಲಿನ ಸ್ಟಿಕ್ಕರ್ ಅಂಟಿಸಿ, ಕ್ಲಬ್ ಶುರು ಮಾಡಿ ಅಂತ. ಒಳ್ಳೆಯದೇ. ಆದರೆ ನಮ್ಮಲ್ಲಿ ಎಷ್ಟು ಜನರಿಗೆ ಕ್ಯಾಬಿನ್ ಇದೆ? ಒಂದು ಉದ್ದ ಟೇಬಲ್, ಸುತ್ತ ಇಡೀ ಡಿಪಾರ್ಟ್‌ಮೆಂಟ್, ಮೂಲೆಯಲ್ಲಿ ಅಟೆಂಡರ್ ತಂದಿಟ್ಟ ಟೀ ಫ್ಲಾಸ್ಕ್. ಅಲ್ಲಿಗೆ ಬಂದು ಒಬ್ಬ ವಿದ್ಯಾರ್ಥಿ ಬಾಯಿ ಬಿಟ್ಟರೆ ಸಂಜೆಯೊಳಗೆ ಊರಿಗೆ ಮುಟ್ಟುತ್ತದೆ. ನಮ್ಮಂಥ ಊರಿನಲ್ಲಿ ಅಪಾಯ ಇರುವುದೇ ಇಲ್ಲಿ. ಆ ಹುಡುಗನ ಮಾವನಿಗೆ ನಿಮ್ಮ ಸಹೋದ್ಯೋಗಿ ಪರಿಚಯ, ಸಹೋದ್ಯೋಗಿಯ ಹೆಂಡತಿಗೆ ಹುಡುಗನ ಅಕ್ಕ ಪರಿಚಯ. ಹಾಗಾಗಿ ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಈ ಮಕ್ಕಳ ಜೊತೆಗೆ ನಿಲ್ಲಬೇಕು ಅನ್ನುವವರ ಮೊದಲ ಕೆಲಸ, ಕೇಳಿದ ವಿಷಯ ತಮ್ಮಿಂದ ಮುಂದಕ್ಕೆ ಹೋಗದಂತೆ ನೋಡಿಕೊಳ್ಳುವುದು. ಮುಂದೆ ಬರೆದಿರುವುದರಲ್ಲಿ ಮುಕ್ಕಾಲು ಪಾಲು ಇದರ ಸುತ್ತಲೇ ಇದೆ.

ಇದು ಬರೀ ಪಾಠ ಮಾಡುವವರಿಗಲ್ಲ. ಅಡ್ಮಿಷನ್ ಕೌಂಟರಿನ ಗುಮಾಸ್ತರು, ವಾರ್ಡನ್, ಲೈಬ್ರರಿಯನ್, ಲ್ಯಾಬ್ ಅಸಿಸ್ಟೆಂಟ್, ಪಿಇ ಮೇಷ್ಟ್ರು, ಅಟೆಂಡರ್ ಎಲ್ಲರಿಗೂ. ನನ್ನನ್ನು ಕೇಳಿದರೆ, ಟ್ರಾನ್ಸ್ ವಿದ್ಯಾರ್ಥಿಯ ಮಟ್ಟಿಗೆ ಪ್ರೊಫೆಸರಿಗಿಂತ ಆಫೀಸಿನಲ್ಲಿ ಫೈಲು ನೋಡುವ ಕೇಸ್ ವರ್ಕರ್ ಜಾಸ್ತಿ ಮುಖ್ಯ.

ಹೆಜ್ಜೆ 1: ಕಾನೂನು ಇಷ್ಟಾದರೂ ಗೊತ್ತಿರಲಿ

ಪ್ರಾಂಶುಪಾಲರ ಮುಂದೆಯೋ ಪೋಷಕರ ಮುಂದೆಯೋ ನಿಂತಾಗ ತಡವರಿಸಬಾರದು, ಅದಕ್ಕೆ.

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ಪ್ರಕರಣದಲ್ಲಿ ಟ್ರಾನ್ಸ್ ಜನರನ್ನು ಮೂರನೇ ಲಿಂಗ ಎಂದು ಗುರುತಿಸಿತು. 2017ರ ಖಾಸಗಿತನದ ತೀರ್ಪಿನಲ್ಲಿ, ಒಬ್ಬರ ಲೈಂಗಿಕ ಒಲವು ಅವರ ಖಾಸಗಿ ವಿಷಯ, ಅದು ಮೂಲಭೂತ ಹಕ್ಕಿನ ಭಾಗ ಎಂದಿತು. 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಒಪ್ಪಿ ಇಟ್ಟುಕೊಂಡ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ನಿನ ಹಲ್ಲು ಕಿತ್ತಿತು. ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಸೆಕ್ಷನ್ನೇ ಇಲ್ಲ. ಸಲಿಂಗ ಮದುವೆಗೆ ಮಾತ್ರ 2023ರ ಅಕ್ಟೋಬರಿನಲ್ಲಿ ಕೋರ್ಟು ಒಪ್ಪಲಿಲ್ಲ. ಇದನ್ನೇ ಹಿಡಿದುಕೊಂಡು "ಕೋರ್ಟೇ ಬೇಡ ಅಂದಿದೆಯಲ್ಲ" ಅನ್ನುವವರು ಸಿಗುತ್ತಾರೆ. ಮದುವೆಯ ನೋಂದಣಿ ಬೇರೆ, ಇಬ್ಬರು ಪ್ರೀತಿಸುವುದು ಬೇರೆ. ಎರಡನೆಯದು ಅಪರಾಧವಲ್ಲ.

ಕಾಲೇಜಿಗೆ ನೇರವಾಗಿ ಬೇಕಾದದ್ದು ಯುಜಿಸಿ (ವಿಶ್ವವಿದ್ಯಾನಿಲಯ ಅನುದಾನ ಆಯೋಗ) ನಿಯಮಗಳು. ರ‍್ಯಾಗಿಂಗ್ ತಡೆಯ ನಿಯಮಕ್ಕೆ 2016ರಲ್ಲಿ ಬಂದ ತಿದ್ದುಪಡಿಯಲ್ಲಿ ಜಾತಿ, ಧರ್ಮ, ಬಣ್ಣದ ಜೊತೆಗೇ ಲಿಂಗತ್ವ, ಲೈಂಗಿಕ ಒಲವಿನ ಹೆಸರಿನಲ್ಲಿ ಮಾಡುವ ಹಿಂಸೆ, ಅಣಕ, ಗುಂಪಿನಿಂದ ಹೊರಗಿಡುವುದು ಎಲ್ಲವೂ ರ‍್ಯಾಗಿಂಗ್ ಎಂದು ಸ್ಪಷ್ಟವಾಗಿ ಬರೆದಿದೆ. ಲೈಂಗಿಕ ಕಿರುಕುಳದ 2015ರ ನಿಯಮ ಹೆಸರಿಗೆ ಮಹಿಳೆಯರದ್ದೇ ಆದರೂ, ಕೆಲವು ಹುಡುಗರು ಮತ್ತು ಮೂರನೇ ಲಿಂಗದ ವಿದ್ಯಾರ್ಥಿಗಳು ಕೂಡ ಇಂಥ ಹಿಂಸೆಗೆ ಸುಲಭವಾಗಿ ಸಿಗುತ್ತಾರೆ, ಎಲ್ಲರ ವಿಷಯದಲ್ಲೂ ಸಂಸ್ಥೆ ಗಟ್ಟಿಯಾಗಿ ಕ್ರಮ ತೆಗೆದುಕೊಳ್ಳಬೇಕು ಎನ್ನುತ್ತದೆ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ ಶಿಕ್ಷಣದಲ್ಲಿ ತಾರತಮ್ಯ ಮಾಡುವಂತಿಲ್ಲ ಎನ್ನುತ್ತದೆ, ಪ್ರತಿ ಸಂಸ್ಥೆಯಲ್ಲೂ ಒಬ್ಬ ದೂರು ಅಧಿಕಾರಿ ಇರಬೇಕು ಎನ್ನುತ್ತದೆ. ನಿಮ್ಮ ಕಾಲೇಜಿನಲ್ಲಿ ಆ ಅಧಿಕಾರಿ ಯಾರು? ನಾಳೆ ಆಫೀಸಿನಲ್ಲಿ ಕೇಳಿ ನೋಡಿ. ಮುಖ ಮುಖ ನೋಡಿಕೊಂಡರೆ ಕೆಲಸ ಅಲ್ಲಿಂದಲೇ ಶುರು ಮಾಡಬಹುದು.

ಹೆಜ್ಜೆ 2: ನಿಮ್ಮ ಬಾಯಿ, ನಿಮ್ಮ ಕ್ಲಾಸು

ಮಕ್ಕಳು ಮೊದಲು ಗಮನಿಸುವುದು ಮೇಷ್ಟ್ರು ಯಾವುದಕ್ಕೆ ನಗುತ್ತಾರೆ ಅನ್ನುವುದನ್ನು. ಹಿಂದಿನ ಬೆಂಚಿನಿಂದ "ಚಕ್ಕ" ಅಂತಲೋ "ಖೋಜಾ" ಅಂತಲೋ ಮಾತು ಬಂದಾಗ ನೀವು ಕೇಳಿಸದ ಹಾಗೆ ಬೋರ್ಡ್ ಕಡೆ ತಿರುಗಿದರೆ, ಇಡೀ ಸೆಮಿಸ್ಟರ್ ನಿಮ್ಮ ಹತ್ತಿರ ಯಾರೂ ಬರುವುದಿಲ್ಲ. ಭಾಷಣ ಬೇಡ. "ಈ ಕ್ಲಾಸಲ್ಲಿ ಆ ಮಾತು ಬೇಡ, ಮುಂದಿನ ಸಲ ಆದರೆ ರ‍್ಯಾಗಿಂಗ್ ಕಮಿಟಿಗೆ ಬರೆಯುತ್ತೇನೆ" ಅಂದು ಪಾಠ ಮುಂದುವರಿಸಿ. ಬೈಸಿಕೊಂಡ ಹುಡುಗನ ಕಡೆ ಮಾತ್ರ ನೋಡಬೇಡಿ. ನೀವು ನೋಡಿದ ಕೂಡಲೇ ಕ್ಲಾಸೆಲ್ಲ ಅವನ ಕಡೆ ತಿರುಗುತ್ತದೆ.

ನಮ್ಮದೇ ಬಾಯಿಂದ ಬರುವ ಮಾತುಗಳೂ ಇವೆ. "ಏನೋ ಹುಡುಗಿ ಥರ ನಾಚ್ಕೋತೀಯ." "ಗಂಡುಬೀರಿ ಆಗಿದ್ದೀಯಲ್ಲಮ್ಮ." ಪಿಇ ಪೀರಿಯಡ್ಡಿನಲ್ಲಿ ಇದು ಇನ್ನೂ ಜಾಸ್ತಿ, ಓಡಲು ಆಗದ ಹುಡುಗನಿಗೆ ಸೀರೆ ಉಡಿಸುತ್ತೇನೆ ಅಂತ ಬೈಯುವುದು ಎಷ್ಟೋ ಕಡೆ ತಮಾಷೆ ಅಂತಲೇ ನಡೆದುಬಂದಿದೆ. ವಾರ್ಷಿಕೋತ್ಸವದ ಪ್ರಹಸನದಲ್ಲಿ ಹುಡುಗನಿಗೆ ಸೀರೆ ಉಡಿಸಿ, ಚಪ್ಪಾಳೆ ತಟ್ಟಿಸಿ, ದುಡ್ಡು ಕೇಳಿಸಿ ನಗಿಸುವುದಂತೂ ಪ್ರತಿ ವರ್ಷದ ಐಟಂ. ಸಾಂಸ್ಕೃತಿಕ ಸಮಿತಿಯಲ್ಲಿ ನೀವಿದ್ದರೆ ರಿಹರ್ಸಲ್ ದಿನವೇ ಕತ್ತರಿಸಿ. ಹೆಣ್ಣು ಪಾತ್ರ ಮಾಡುವುದಕ್ಕೆ ನನ್ನ ತಕರಾರಿಲ್ಲ, ನಾಟಕದ ಕಂಪನಿಗಳ ಕಾಲದಿಂದ ಗಂಡಸರು ಮಾಡಿಕೊಂಡು ಬಂದಿದ್ದಾರೆ. ತಕರಾರು ಇರುವುದು ಬೀದಿಯಲ್ಲಿ ಬದುಕುವವರನ್ನು ಅಣಕಿಸಿ ಗಳಿಸುವ ನಗೆಗೆ.

"ಇದೆಲ್ಲ ಫಾರಿನ್ ರೋಗ, ನಮ್ಮ ಕಡೆ ಇರಲಿಲ್ಲ" ಅನ್ನುವ ಸಹೋದ್ಯೋಗಿ ಸಿಕ್ಕೇ ಸಿಗುತ್ತಾರೆ. ಅವರಿಗೆ ಯಲ್ಲಮ್ಮ ದೇವಿಗೆ ಮುಡಿಪಾದ ಜೋಗತಿಯರನ್ನು ನೆನಪಿಸಿ. ಪದ್ಮಶ್ರೀ ಪಡೆದ, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿದ್ದ ಟ್ರಾನ್ಸ್ ಮಹಿಳೆ ಮಂಜಮ್ಮ ಜೋಗತಿ ಬಳ್ಳಾರಿ ಕಡೆಯವರು. ಮನೆಯಿಂದ ಹೊರಬಿದ್ದ ಕಾಲದಲ್ಲಿ ಅವರಿಗೆ ಜೋಗತಿ ಕುಣಿತದ ಗುರುಗಳು ಸಿಕ್ಕಿದ್ದು ಇದೇ ದಾವಣಗೆರೆಯಲ್ಲಿ, ಹಾಡುವ ಅಪ್ಪ ಮತ್ತು ಕೊಡ ಹೊತ್ತು ಕುಣಿಯುವ ಮಗ. ಗುಡಿಯ ಅಂಗಳದಲ್ಲಿ ಕೈ ಮುಗಿಯುತ್ತೇವೆ, ಕ್ಲಾಸ್‌ರೂಮಿನ ಬೆಂಚು ಕೊಡುವುದಿಲ್ಲ. ಹೊಸದು ಏನಾದರೂ ಇದ್ದರೆ ಅವರು ಬೆಂಚು ಕೇಳುತ್ತಿರುವುದು.

ಹೆಜ್ಜೆ 3: ಸ್ಟಿಕ್ಕರ್ ಇಲ್ಲದೆ ಗೊತ್ತುಮಾಡುವುದು

ನಿಮ್ಮ ಹತ್ತಿರ ಮಾತಾಡಬಹುದು ಅಂತ ಮಕ್ಕಳಿಗೆ ಹೇಗೆ ಗೊತ್ತಾಗಬೇಕು? ಒಂದು ವಾಕ್ಯ ಸಾಕು, ಸರಿಯಾದ ಜಾಗದಲ್ಲಿ. ಸಂವಿಧಾನದ ಪೇಪರ್ ಎಲ್ಲಾ ಡಿಗ್ರಿಗೂ ಇರುತ್ತದೆ. ಜೀವ, ಸ್ವಾತಂತ್ರ್ಯದ ಹಕ್ಕಿನ 21ನೇ ವಿಧಿ ಮಾಡುವಾಗ 2018ರ ತೀರ್ಪನ್ನು ಉದಾಹರಣೆಯಾಗಿ ತೆಗೆದುಕೊಳ್ಳಿ, ಬೇರೆ ತೀರ್ಪು ಹೇಳಿದ ಹಾಗೆ ನಗದೆ, ದನಿ ತಗ್ಗಿಸದೆ ಹೇಳಿ. ಮನಃಶಾಸ್ತ್ರದವರು, ನರ್ಸಿಂಗಿನವರು 1990ರ ಮೇ 17ರಂದು ವಿಶ್ವ ಆರೋಗ್ಯ ಸಂಸ್ಥೆ ಸಲಿಂಗಕಾಮವನ್ನು ರೋಗಗಳ ಪಟ್ಟಿಯಿಂದ ತೆಗೆದದ್ದನ್ನು ಹೇಳಬಹುದು. ಹಳೆಯ ನೋಟ್ಸಿನಲ್ಲಿ ಇನ್ನೂ "ವಿಕೃತಿ" ಅಂತ ಇದ್ದರೆ ಹೊಡೆದುಹಾಕಿ, ಅದು ಪರೀಕ್ಷೆಯಲ್ಲಿ ಬರೆದರೂ ತಪ್ಪು ಉತ್ತರವೇ.

ಹೊಸ ಬ್ಯಾಚಿನ ಮೊದಲ ವಾರ ರ‍್ಯಾಗಿಂಗ್ ಬಗ್ಗೆ ಹೇಳುತ್ತೀರಲ್ಲ, ಆಗ ಸೇರಿಸಿ: "ಜಾತಿ ಎತ್ತಿ ಆಡಿಕೊಂಡರೂ ರ‍್ಯಾಗಿಂಗ್, ಗೇ ಅಂತ, ಟ್ರಾನ್ಸ್ ಅಂತ ಆಡಿಕೊಂಡರೂ ರ‍್ಯಾಗಿಂಗ್. ಯಾರಿಗಾದರೂ ಹಾಗಾದರೆ ನನ್ನ ಹತ್ತಿರ ಬನ್ನಿ, ಹೆಸರು ಹೊರಗೆ ಹೋಗಲ್ಲ." ಅಷ್ಟೇ. ನೂರು ಜನರಲ್ಲಿ ಯಾರಿಗೆ ತಾಕಬೇಕೋ ಅವರಿಗೆ ತಾಕುತ್ತದೆ. ಲೈಬ್ರರಿಯವರು ಈ ವಿಷಯದ ಎರಡು ಮೂರು ಕನ್ನಡ ಪುಸ್ತಕ ತರಿಸಿ ಇಟ್ಟರೂ ಒಂದು ಸೂಚನೆಯೇ. ಯಾರು ತೆಗೆದರು ಅಂತ ರಿಜಿಸ್ಟರ್ ತಿರುವಿ ಮಾತಾಡಿಕೊಳ್ಳಬಾರದು ಅಷ್ಟೆ.

ಹೆಜ್ಜೆ 4: ಬಂದು ಹೇಳಿದಾಗ

ಜಾಗ ಮೊದಲು. ಸ್ಟಾಫ್ ರೂಮ್ ಬೇಡ, ಕ್ಯಾಂಟೀನ್ ಬೇಡ, ಬಾಗಿಲು ಹಾಕಿದ ಖಾಲಿ ರೂಮೂ ಬೇಡ, ಅದರಿಂದ ಇಬ್ಬರಿಗೂ ಬೇರೆ ತಲೆನೋವು. ಕಾಲೇಜಿನ ಮೈದಾನದ ಅಂಚು, ಕಾರಿಡಾರಿನ ಕೊನೆ, ಲ್ಯಾಬಿನ ತೆರೆದ ಬಾಗಿಲ ಹತ್ತಿರ, ಎಲ್ಲರಿಗೂ ಕಾಣಬೇಕು, ಯಾರಿಗೂ ಕೇಳಿಸಬಾರದು. ಸಂಜೆ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಹೋಗುತ್ತಾ ಮಾತಾಡೋಣ ಅನ್ನುವ ಆಸೆ ಬರಬಹುದು. ಅಲ್ಲಿ ಅರ್ಧ ಊರು ವಾಕಿಂಗಿಗೆ ಬಂದಿರುತ್ತದೆ, ಮರೆಯಬೇಡಿ.

ವಿದ್ಯಾರ್ಥಿ ಸುತ್ತಿ ಬಳಸಿ ಹೇಳುತ್ತಾರೆ. "ಸರ್, ನನಗೆ ಮದುವೆ ಇಷ್ಟ ಇಲ್ಲ." "ಮೇಡಂ, ನಾನು ಬೇರೆಯವರ ಥರ ಇಲ್ಲ." "ನನ್ನ ಫ್ರೆಂಡ್ ಒಬ್ಬನಿಗೆ ಹೀಗಾಗಿದೆ." ನೀವು ಮುಂದೆ ನುಗ್ಗಿ "ನೀನು ಗೇ ನಾ?" ಅಂತ ಕೇಳಬೇಡಿ. ಫ್ರೆಂಡ್ ಅಂದರೆ ಫ್ರೆಂಡ್ ಅಂತಲೇ ಮಾತಾಡಿ. ಹೇಳಬೇಕಾದಾಗ ಅವರೇ ಹೇಳುತ್ತಾರೆ.

ಹೇಳಿದ ಮೇಲೆ ಮೊದಲ ಮಾತು ಸುಲಭದ್ದಿರಲಿ. "ಹೇಳಿದ್ದು ಒಳ್ಳೇದಾಯ್ತು. ಇದು ನನ್ನ ಹತ್ತಿರವೇ ಇರುತ್ತೆ. ಈಗ ಏನಾದ್ರೂ ತೊಂದರೆ ಆಗ್ತಿದೆಯಾ?" ಎಷ್ಟೋ ಸಲ ತೊಂದರೆ ಏನೂ ಇರುವುದಿಲ್ಲ, ಒಬ್ಬರಿಗಾದರೂ ಹೇಳಿ ಹಗುರಾಗಬೇಕಿತ್ತು ಅಷ್ಟೆ. ಆಗ ಪರಿಹಾರ ಹುಡುಕಲು ಹೋಗಬೇಡಿ.

ಹೇಳಬಾರದ ಮಾತುಗಳು ನಮಗೆಲ್ಲ ಬಾಯಿಪಾಠ: "ಈ ವಯಸ್ಸಲ್ಲಿ ಹೀಗೆಲ್ಲ ಅನ್ಸುತ್ತೆ, ಹೋಗುತ್ತೆ." "ಮದುವೆ ಆದ್ರೆ ಸರಿಹೋಗುತ್ತೆ." "ಅಪ್ಪ ಅಮ್ಮನ ಬಗ್ಗೆ ಯೋಚನೆ ಮಾಡಿದ್ದೀಯಾ?" ಕೊನೆಯದನ್ನು ಆ ಮಗು ನಿಮಗಿಂತ ಸಾವಿರ ಸಲ ಜಾಸ್ತಿ ಯೋಚಿಸಿರುತ್ತದೆ. ಮದುವೆ ಮಾಡಿಸಿ ಸರಿ ಮಾಡುತ್ತೇವೆ ಅನ್ನುವುದು ಇನ್ನೊಬ್ಬರ ಮಗಳನ್ನೋ ಮಗನನ್ನೋ ಸೇರಿಸಿ ಹಾಳು ಮಾಡುವ ದಾರಿ.

ಟ್ರಾನ್ಸ್ ವಿದ್ಯಾರ್ಥಿಯಾದರೆ ಇನ್ನೊಂದು ಪ್ರಶ್ನೆ ಕೇಳಿ: "ನಿನ್ನನ್ನ ಏನಂತ ಕರೀಲಿ? ಎಲ್ಲರ ಮುಂದೆಯೂ ಹಾಗೇ ಕರೀಲಾ, ಅಥವಾ ನಾವಿಬ್ಬರೇ ಇದ್ದಾಗ ಮಾತ್ರವಾ?" ಎರಡನೇ ಪ್ರಶ್ನೆ ಬಹಳ ಮುಖ್ಯ. ಉತ್ಸಾಹದಲ್ಲಿ ಕ್ಲಾಸಿನಲ್ಲಿ ಹೊಸ ಹೆಸರು ಕೂಗಿದರೆ ಗುಟ್ಟು ಬಯಲಾಯಿತು. ನಮ್ಮ ಕಡೆ ಮಾತಿಗೊಂದು ಕಣಪ್ಪ, ಕಣಮ್ಮ, ಬಾರೋ, ಬಾರೆ ಇರುತ್ತದೆ. ಗೊಂದಲ ಅನ್ನಿಸಿದರೆ ಹೆಸರು ಹಿಡಿದು ಕರೆಯಿರಿ, ಬೇರೆಯವರ ಮುಂದೆ "ಅವರು" ಅನ್ನಿ, ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ.

ಹೆಜ್ಜೆ 5: ಮನೆಗೆ ಫೋನ್ ಮಾಡಬೇಡಿ

ಈ ಲೇಖನದಲ್ಲಿ ಒಂದೇ ಒಂದು ಸಾಲು ಓದುವುದಾದರೆ ಇದನ್ನು ಓದಿ. ಮನೆಗೆ ಫೋನ್ ಮಾಡಬೇಡಿ.

ನಮ್ಮ ಕಡೆ ಒಳ್ಳೆಯ ಮೇಷ್ಟ್ರು ಅಂದರೆ ಮಕ್ಕಳ ಅಪ್ಪ ಅಮ್ಮನ ಜೊತೆ ಸಂಪರ್ಕದಲ್ಲಿ ಇರುವವರು. ಹಾಜರಾತಿ ಕಡಿಮೆಯಾದರೆ ಫೋನ್, ಇಂಟರ್ನಲ್ಸ್ ಕಡಿಮೆ ಬಂದರೆ ಫೋನ್. ಅದೇ ಅಭ್ಯಾಸದಲ್ಲಿ, ಕೆಟ್ಟ ಉದ್ದೇಶ ಒಂಚೂರೂ ಇಲ್ಲದೆ, "ನಿಮ್ಮ ಮಗನ ಜೊತೆ ಸ್ವಲ್ಪ ಕೂತು ಮಾತಾಡಿ" ಅಂದುಬಿಡುತ್ತಾರೆ. ಅವತ್ತಿನ ಸಂಜೆಯಿಂದ ಮೊಬೈಲ್ ಕಿತ್ತುಕೊಳ್ಳುತ್ತಾರೆ, ಹಾಸ್ಟೆಲ್ ಬಿಡಿಸುತ್ತಾರೆ. ಹುಡುಗಿಯಾದರೆ ಆ ಸೆಮಿಸ್ಟರ್ ಮುಗಿಯುವ ಮುಂಚೆ ಗಂಡು ನೋಡುತ್ತಾರೆ. ಎಲ್ಲ ಮನೆಯೂ ಹಾಗಲ್ಲ, ನಿಜ. ಆದರೆ ಯಾವ ಮನೆ ಹೇಗೆ ಅಂತ ಗೊತ್ತಿರುವುದು ಆ ವಿದ್ಯಾರ್ಥಿಗೆ, ನಿಮಗಲ್ಲ. 18 ದಾಟಿದವರ ಈ ವಿಷಯವನ್ನು ಯಾರಿಗೆ ಯಾವಾಗ ಹೇಳಬೇಕು ಅನ್ನುವುದು ಅವರ ಹಕ್ಕು.

ಅತ್ತ ಕಡೆಯಿಂದ ಫೋನ್ ಬಂದರೆ? "ಸರ್, ನಮ್ಮ ಹುಡುಗ ಯಾರ ಜೊತೆ ಓಡಾಡ್ತಾನೆ, ಸ್ವಲ್ಪ ನೋಡಿ ಹೇಳಿ." ಉತ್ತರ ಸಿದ್ಧ ಇರಲಿ: "ಯಜಮಾನ್ರೇ, ಹಾಜರಾತಿ ಕೇಳಿ, ಮಾರ್ಕ್ಸ್ ಕೇಳಿ, ಹೇಳ್ತೀನಿ. ಉಳಿದದ್ದು ನನಗೆ ಗೊತ್ತಾಗಲ್ಲ, ಅವನನ್ನೇ ಕೇಳಿ." ಇದರಲ್ಲಿ ಸುಳ್ಳೂ ಇಲ್ಲ, ಗುಟ್ಟೂ ಹೊರಬರುವುದಿಲ್ಲ. ಎಲ್ಲ ಪೋಷಕರಿಗೂ ಇದೇ ಉತ್ತರ ಕೊಡುವ ರೂಢಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು, ಆಗ ಒಬ್ಬರ ವಿಷಯದಲ್ಲಿ ಮಾತ್ರ ಮೇಷ್ಟ್ರು ಯಾಕೋ ತೇಲಿಸಿದರು ಅನ್ನಿಸುವುದಿಲ್ಲ.

ಬರೆದಿಡುವ ವಿಷಯದಲ್ಲೂ ಹುಷಾರು. ಮೆಂಟರ್ ಡೈರಿ, ಕೌನ್ಸೆಲಿಂಗ್ ರಿಜಿಸ್ಟರ್ ಇವೆಲ್ಲ ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ಫೈಲಿಗೆ ಅಂತ ಇಟ್ಟಿರುತ್ತೇವೆ, ಯಾರು ಬೇಕಾದರೂ ತೆಗೆದು ನೋಡುತ್ತಾರೆ. ಅದರಲ್ಲಿ "ವೈಯಕ್ತಿಕ ವಿಷಯ ಮಾತಾಡಿದೆವು" ಅಂತ ಬರೆದರೆ ಸಾಕು. ಡಿಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿಗೆ ಹೆಸರು ಹೇಳದೆ ಹಾಕಿದರೂ ಬೇಡ. "ನಮ್ಮ ಫೈನಲ್ ಇಯರಿನ ಒಬ್ಬ ಹುಡುಗ" ಅಂದರೆ ಎಲ್ಲರೂ ಊಹಿಸುತ್ತಾರೆ.

ಎರಡು ಅಪವಾದ. ಒಂದು, ಜೀವಕ್ಕೆ ಅಪಾಯ. ಸಾಯುವ ಮಾತಾಡಿದರೆ ಒಬ್ಬರೇ ಹೊತ್ತುಕೊಳ್ಳಬೇಡಿ, ನೇರವಾಗಿ ಕೇಳಿ, "ಸಾಯಬೇಕು ಅನ್ನಿಸ್ತಿದೆಯಾ?" ಹಾಗೆ ಕೇಳಿದರೆ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಅನ್ನುವುದು ತಪ್ಪು ನಂಬಿಕೆ. ಒಂಟಿಯಾಗಿ ಬಿಡಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅಲ್ಲೇ ಕೂತು ಫೋನ್ ಮಾಡಿಸಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ತುರ್ತು ಅನ್ನಿಸಿದರೆ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ. ಮನೆಯವರಿಗೆ ಹೇಳಲೇಬೇಕಾಗಿ ಬಂದರೂ "ತುಂಬಾ ಬೇಜಾರಲ್ಲಿದ್ದಾನೆ, ಬನ್ನಿ" ಅಂತ ಹೇಳಬಹುದು, ಕಾರಣ ಹೇಳುವ ಅಗತ್ಯ ಇಲ್ಲ. ಎರಡು, 18 ಆಗದವರು. ಪಿಯು, ಡಿಪ್ಲೊಮಾ ಮಕ್ಕಳೂ ಅದೇ ಕ್ಯಾಂಪಸ್ಸಿನಲ್ಲಿ ಇರುತ್ತಾರಲ್ಲ. ಲೈಂಗಿಕ ದೌರ್ಜನ್ಯದ ವಿಷಯ ನಿಮ್ಮ ಕಿವಿಗೆ ಬಿದ್ದರೆ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ) ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಬರೀ "ನಾನು ಗೇ" ಅಂದರೆ ಅದು ಅಂಥ ವಿಷಯ ಅಲ್ಲ. ಈ ಎರಡು ಅಪವಾದಗಳನ್ನು ಮಾತಿನ ಶುರುವಿನಲ್ಲೇ ವಿದ್ಯಾರ್ಥಿಗೆ ಹೇಳಿಬಿಡಿ.

ಹೆಜ್ಜೆ 6: ವಿಷಯ ಕೈ ಮೀರಿದಾಗ

ಮೂರು ಥರದ ತುರ್ತು ಜಾಸ್ತಿ ಬರುತ್ತದೆ.

ಬ್ಲ್ಯಾಕ್‌ಮೇಲ್. ಡೇಟಿಂಗ್ ಆಪ್‌ನಲ್ಲಿ ಪರಿಚಯವಾದವನು ಕರೆಸಿಕೊಂಡು ಫೋಟೊ ತೆಗೆದು, ದುಡ್ಡು ಕೊಡು, ಇಲ್ಲ ಮನೆಗೆ ಕಳಿಸುತ್ತೇನೆ ಅನ್ನುವುದು. ಹುಡುಗರು ಫೀಸಿನ ದುಡ್ಡು ಕೊಟ್ಟು, ಉಂಗುರ ಅಡ ಇಟ್ಟು, ಕೊನೆಗೆ ಬರುತ್ತಾರೆ. ನೀವು ಹೇಳಬೇಕಾದದ್ದು: ಇನ್ನು ಒಂದು ರೂಪಾಯಿ ಕೊಡಬೇಡ, ಚಾಟ್ ಅಳಿಸಬೇಡ, ಸ್ಕ್ರೀನ್‌ಶಾಟ್ ತೆಗೆದಿಡು, ದುಡ್ಡು ಹಾಕಿದ ನಂಬರ್ ತೆಗೆದಿಡು. ಆನ್‌ಲೈನಿನಲ್ಲಿ ದುಡ್ಡು ಹೋಗಿದ್ದರೆ ಬೇಗ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ. ಇಲ್ಲಿ ಅಪರಾಧಿ ಬೆದರಿಸಿದವನು, ನ್ಯಾಯ ಸಂಹಿತೆಯ 308ನೇ ಸೆಕ್ಷನ್ ಸುಲಿಗೆಯದ್ದೇ. ಠಾಣೆಗೆ ಒಬ್ಬನನ್ನೇ ಕಳಿಸಬೇಡಿ. ಕಾಲೇಜಿನ ಮೇಷ್ಟ್ರು ಪಕ್ಕದಲ್ಲಿ ಕೂತಿದ್ದರೆ ಠಾಣೆಯಲ್ಲಿ ಮಾತಿನ ಧಾಟಿಯೇ ಬೇರೆ ಇರುತ್ತದೆ.

ಮದುವೆ. ಫೈನಲ್ ಸೆಮಿಸ್ಟರಿನಲ್ಲಿ ಹುಡುಗಿ ಕ್ಲಾಸಿಗೆ ಬರುವುದು ನಿಲ್ಲಿಸುತ್ತಾಳೆ, ಫೋನ್ ಸ್ವಿಚ್ ಆಫ್. ಕೂಡಿಹಾಕಿದ್ದಾರೆ ಅಂತ ಸ್ನೇಹಿತೆ ಬಂದು ಹೇಳುತ್ತಾಳೆ. ನೀವು ಹೀರೋ ಆಗಿ ಬೈಕ್ ಹತ್ತಿಸಿಕೊಂಡು ಬರಲು ಹೋಗಬೇಡಿ, ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಅಪಹರಣದ ಕೇಸು ನಿಮ್ಮ ಮೇಲೆ, ಆಮೇಲೆ ಸಹಾಯ ಮಾಡಲು ನೀವೇ ಇರುವುದಿಲ್ಲ. ಕಾನೂನಿನ ದಾರಿ ಇದೆ. ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ಫೋನ್ 15100. ಮಹಿಳಾ ಸಹಾಯವಾಣಿ 181, ತುರ್ತಿಗೆ 112. 2024ರ ಮಾರ್ಚ್ 11ರಂದು ಸುಪ್ರೀಂ ಕೋರ್ಟು ಕೇರಳದ ಒಂದು ಪ್ರಕರಣದಲ್ಲಿ, ಹೀಗೆ ಕೂಡಿಹಾಕಿದವರನ್ನು ಬಿಡಿಸಿ ಅಂತ ಕೋರ್ಟಿಗೆ ಹಾಕುವ ಅರ್ಜಿಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಕೂಡಿಹಾಕಿದವರನ್ನು ಕರೆಸಿ ಮನೆಯವರಿಲ್ಲದೆ ಮಾತಾಡಿಸಬೇಕು, ಬುದ್ಧಿ ಹೇಳಿ ಬದಲಾಯಿಸುವ ಪ್ರಯತ್ನ ನ್ಯಾಯಾಧೀಶರೇ ಮಾಡಬಾರದು ಎಂದು. ವಕೀಲರಿಗೆ ಗೊತ್ತಿಲ್ಲದಿದ್ದರೆ ಇದನ್ನು ಹೇಳಿ. ಕಾಲೇಜಿನ ಕಡೆಯಿಂದ ಆಗುವ ದೊಡ್ಡ ಸಹಾಯ ಇನ್ನೊಂದಿದೆ. ಅವಳ ಪರೀಕ್ಷೆ ತಪ್ಪದ ಹಾಗೆ ನೋಡಿಕೊಳ್ಳುವುದು. ಹಾಲ್ ಟಿಕೆಟ್ ತಡೆಯಬೇಡಿ, ಪರೀಕ್ಷಾ ಶುಲ್ಕದ ಕೊನೇ ದಿನ ಸ್ನೇಹಿತೆಯ ಮೂಲಕ ಮುಟ್ಟಿಸಿ. ಅವಳ ಮೂಲ ಮಾರ್ಕ್ಸ್ ಕಾರ್ಡುಗಳನ್ನು ಅವಳ ಸಹಿ ಇಲ್ಲದೆ ಚಿಕ್ಕಪ್ಪನೋ ಅಣ್ಣನೋ ಬಂದು ಕೇಳಿದರೆ ಕೊಡಬೇಡಿ. ನಾಳೆ ಕೆಲಸ ಹುಡುಕಿ ಹೊರಡಲು ಅವಳಿಗೆ ಅವೇ ಬೇಕು.

ಮೂರನೆಯದು "ಟ್ರೀಟ್‌ಮೆಂಟ್". ಔಷಧಿ, ಶಾಕ್, ಹಾರ್ಮೋನು, ದೇವರ ಗುಡಿಯಲ್ಲಿ ಗಾಳಿ ಬಿಡಿಸುವುದು. ಇಲ್ಲಿ ಮೇಷ್ಟ್ರ ಮಾತಿಗೆ ಬೆಲೆ ಇದೆ, ಮನೆಯವರೇ ವಿಷಯ ತಿಳಿದು ನಿಮ್ಮ ಹತ್ತಿರ ಬಂದಿದ್ದರೆ ಮಾತ್ರ. ಇದು ರೋಗ ಅಲ್ಲ ಅಂತ ಭಾರತೀಯ ಮನೋವೈದ್ಯರ ಸಂಘ 2018ರಲ್ಲೇ ಹೇಳಿದೆ, ಬದಲಾಯಿಸುತ್ತೇನೆ ಅನ್ನುವ ಚಿಕಿತ್ಸೆ ವೈದ್ಯರ ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. "ಡಾಕ್ಟರ್ ಲೈಸೆನ್ಸಿಗೇ ತೊಂದರೆ ಬರುವ ಕೆಲಸ ಅದು, ಯಾಕೆ ದುಡ್ಡು ಹಾಳು ಮಾಡ್ತೀರಿ" ಅಂದರೆ ತೀರ್ಪುಗಳಿಗಿಂತ ಬೇಗ ನಾಟುತ್ತದೆ. ಅಪ್ಪ ಅಮ್ಮನಿಗೂ ಭಯ ಇರುತ್ತದೆ, ನೆಂಟರು ಏನಂತಾರೆ, ತಂಗಿಯ ಮದುವೆ ಹೇಗೆ ಅಂತ. ಅದನ್ನು ಕೇಳಿಸಿಕೊಳ್ಳಿ, ಬೈಯಬೇಡಿ.

ಹೆಜ್ಜೆ 7: ಆಫೀಸ್ ಕೌಂಟರ್

ಟ್ರಾನ್ಸ್ ವಿದ್ಯಾರ್ಥಿ ಓದು ಬಿಡುವುದು ಅನೇಕ ಸಲ ಕೌಂಟರಿನ ಮುಂದೆ. ಆಧಾರಿನಲ್ಲಿ ಒಂದು ಹೆಸರು, ಮುಖ ಇನ್ನೊಂದು. "ಇದು ನೀನೇನಾ?" ಅಂತ ಕ್ಯೂ ಪೂರ್ತಿ ಕೇಳುವ ಹಾಗೆ ಕೇಳಿದರೆ ಮುಂದಿನ ಸಲ ಆ ವಿದ್ಯಾರ್ಥಿ ಬರುವುದಿಲ್ಲ, ಫೀಸ್ ಕಟ್ಟುವ ದಿನ ದಾಟುತ್ತದೆ, ಅಲ್ಲಿಗೆ ಮುಗಿಯಿತು. ಒಳಗೆ ಕರೆದು ಕೂರಿಸಿ ಕಾಗದ ನೋಡಿ. ಫಾರ್ಮಿನಲ್ಲಿ ಹೆಣ್ಣು, ಗಂಡು ಎರಡೇ ಇದ್ದರೆ ಮೂರನೆಯ ಕಾಲಂ ಸೇರಿಸಿ ಜೆರಾಕ್ಸ್ ಮಾಡಿಸಿ, ಕಾಲೇಜಿನ ಒಳಗಿನ ಫಾರ್ಮಿಗೆ ಯಾರ ಅನುಮತಿಯೂ ಬೇಡ.

2019ರ ಕಾಯ್ದೆಯಡಿ ಗುರುತಿನ ಪ್ರಮಾಣಪತ್ರ ಕೊಡುವವರು ಜಿಲ್ಲಾಧಿಕಾರಿ. ಅರ್ಜಿ ಕೇಂದ್ರ ಸರ್ಕಾರದ ಟ್ರಾನ್ಸ್‌ಜೆಂಡರ್ ಪೋರ್ಟಲಿನಲ್ಲಿ, ಆನ್‌ಲೈನ್. ಈ ನಿಯಮಗಳು ಬದಲಾಗುತ್ತಿರುತ್ತವೆ, ಹಾಗಾಗಿ ಹಳೆಯ ಪಿಡಿಎಫ್ ನಂಬಬೇಡಿ, ಅರ್ಜಿ ಹಾಕುವ ದಿನ ಪೋರ್ಟಲಿನಲ್ಲೇ ಓದಿ. ಕಂಪ್ಯೂಟರ್ ಲ್ಯಾಬಿನವರು ಒಂದು ಮಧ್ಯಾಹ್ನ ಕೂತು ಸಹಾಯ ಮಾಡಿದರೆ ಸೈಬರ್ ಸೆಂಟರಿನಲ್ಲಿ ನಾಲ್ಕು ಜನರ ಮುಂದೆ ಅರ್ಜಿ ತುಂಬುವುದು ತಪ್ಪುತ್ತದೆ. ಪ್ರಮಾಣಪತ್ರ ಇದ್ದರೆ ಕೇಂದ್ರದ ಸ್ಮೈಲ್ ಯೋಜನೆಯ ವಿದ್ಯಾರ್ಥಿವೇತನ ಕೇಳಬಹುದು. ರಾಜ್ಯ ಸರ್ಕಾರಿ ನೌಕರಿಯಲ್ಲಿ ಟ್ರಾನ್ಸ್ ಅಭ್ಯರ್ಥಿಗಳಿಗೆ 2021ರಿಂದ ಶೇಕಡ 1ರ ಮೀಸಲಾತಿ ಇದೆ, ಎಫ್‌ಡಿಎ, ಎಸ್‌ಡಿಎಗೆ ಓದುವ ಮಗುವಿಗೆ ಇದನ್ನು ಹೇಳದೆ ಇರಬೇಡಿ.

ಶೌಚಾಲಯದ ಮಾತು ಬಂದ ಕೂಡಲೇ ಆಡಳಿತ ಮಂಡಳಿ ಬಜೆಟ್ ಇಲ್ಲ ಅನ್ನುತ್ತದೆ. ಹೊಸದು ಕಟ್ಟಿಸಬೇಕಿಲ್ಲ. ನ್ಯಾಕ್ ತಂಡ ಬರುತ್ತದೆ ಅಂತ ಕಟ್ಟಿಸಿ, ಫೋಟೊ ತೆಗೆದು, ಬೀಗ ಹಾಕಿಟ್ಟ ಅಂಗವಿಕಲರ ಶೌಚಾಲಯ ಎಷ್ಟು ಕಾಲೇಜಿನಲ್ಲಿಲ್ಲ ಹೇಳಿ? ಬೀಗ ತೆಗೆದರೆ ಅಂಗವಿಕಲ ವಿದ್ಯಾರ್ಥಿಗೂ ಆಯಿತು, ಟ್ರಾನ್ಸ್ ವಿದ್ಯಾರ್ಥಿಗೂ ಆಯಿತು.

ಹಾಸ್ಟೆಲ್ಲಿನಲ್ಲಿ ವಾರ್ಡನ್ನೇ ಸರ್ವಸ್ವ. ಇಬ್ಬರು ಹುಡುಗಿಯರು ಒಂದೇ ಮಂಚದಲ್ಲಿ ಮಲಗುತ್ತಾರೆ ಅಂತ ಯಾರೋ ದೂರು ಹೇಳಿದ ಕೂಡಲೇ ಇಬ್ಬರ ಮನೆಗೂ ಫೋನ್ ಹೋಗುತ್ತದೆ. ಐದನೇ ಹೆಜ್ಜೆ ಮತ್ತೆ ಓದಿ. ರೂಮಿನ ನಿಯಮ ಎಲ್ಲರಿಗೂ ಒಂದೇ ಇರಲಿ, ಮುರಿದರೆ ಎಲ್ಲರಿಗೂ ಹೇಳುವಷ್ಟೇ ಹೇಳಿ, ಕಾರಣ ಕೆದಕಬೇಡಿ. ಹಿಂಸೆ ತಾಳದೆ ರೂಮು ಬದಲಿಸಿ ಅಂತ ಒಬ್ಬರು ಬಂದರೆ, ಬದಲಿಸಬೇಕಾದದ್ದು ಹಿಂಸೆ ಕೊಟ್ಟವರ ರೂಮು. ಕಾಲೇಜು ಕೇಳದಿದ್ದರೆ ರ‍್ಯಾಗಿಂಗ್ ಸಹಾಯವಾಣಿ 1800-180-5522 ಇದೆ.

ಅತಿಥಿ ಉಪನ್ಯಾಸಕರಿಗೆ ಒಂದು ಮಾತು

ನಮ್ಮ ಕಾಲೇಜುಗಳು ನಡೆಯುತ್ತಿರುವುದೇ ನಿಮ್ಮಿಂದ, ನಿಮ್ಮ ಕೆಲಸ ಮಾತ್ರ ವರ್ಷ ವರ್ಷ ನವೀಕರಣ. ವಯಸ್ಸು ಹತ್ತಿರ ಅಂತ ಮಕ್ಕಳು ಮೊದಲು ಬರುವುದೂ ನಿಮ್ಮ ಬಳಿಗೇ. ಗಲಾಟೆ ಮಾಡಿ ಕೆಲಸ ಕಳೆದುಕೊಳ್ಳಿ ಅಂತ ನಾನು ಹೇಳುವುದಿಲ್ಲ. ಗುಟ್ಟು ಉಳಿಸುವುದು, ಬೈಗುಳ ನಿಲ್ಲಿಸುವುದು, ಸಹಾಯವಾಣಿಯ ನಂಬರ್ ಕೊಡುವುದು ಇಷ್ಟಕ್ಕೆ ಯಾರೂ ನಿಮ್ಮನ್ನು ತೆಗೆಯಲಾಗದು. ಕಮಿಟಿ, ಪ್ರಾಂಶುಪಾಲರ ಕೊಠಡಿ, ಠಾಣೆ ಇವನ್ನು ಕಾಯಂ ಇರುವವರ ಹೆಗಲಿಗೆ ದಾಟಿಸಿ, ವಿದ್ಯಾರ್ಥಿಯ ಒಪ್ಪಿಗೆ ಕೇಳಿದ ಮೇಲೆ. ಯಾರನ್ನು ನಂಬಬಹುದು ಅಂತ ತಿಳಿಯಲು, ಈ ವಿಷಯದ ಸುದ್ದಿ ಪೇಪರಿನಲ್ಲಿ ಬಂದ ದಿನ ಸ್ಟಾಫ್ ರೂಮಿನಲ್ಲಿ ಸುಮ್ನೆ ಎತ್ತಿ ನೋಡಿ, ಯಾರು ನಗಲಿಲ್ಲ ಅಂತ ಗಮನಿಸಿ. ತೋಳಹುಣಸೆಯಲ್ಲೋ ಚಿತ್ರದುರ್ಗದ ಗುಡ್ಡದ ರಂಗವ್ವನಹಳ್ಳಿಯ ಸ್ನಾತಕೋತ್ತರ ಕೇಂದ್ರದಲ್ಲೋ ಪರಿಚಯದವರಿದ್ದರೆ ಅವರನ್ನೂ ಸೇರಿಸಿಕೊಳ್ಳಿ. ಇಬ್ಬರು ಇದ್ದರೆ ಸಾಕು, ಒಬ್ಬರೇ ಇದ್ದರೆ ಸುಸ್ತಾಗುತ್ತದೆ.

ಹೆಜ್ಜೆ 8: ಓದು ಮುಗಿಯುವ ಮುಂಚೆ

ಇದನ್ನು ಎಲ್ಲರೂ ಮರೆಯುತ್ತಾರೆ. ಡಿಗ್ರಿ ಸರ್ಟಿಫಿಕೇಟಿನಲ್ಲಿ ಹೆಸರು ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಿಂದಲೇ ಬರುತ್ತದೆ. ಟ್ರಾನ್ಸ್ ವಿದ್ಯಾರ್ಥಿ ಹೆಸರು ಬದಲಿಸಿಕೊಂಡಿದ್ದರೆ ಹಳೆಯ ಹೆಸರಿನ ಡಿಗ್ರಿ ಹಿಡಿದು ಪ್ರತಿ ಇಂಟರ್‌ವ್ಯೂನಲ್ಲಿ ತನ್ನ ಕಥೆ ಹೇಳಬೇಕಾಗುತ್ತದೆ. ಎಲ್ಲರಿಗೂ ಹೆಸರು ಬದಲಿಸುವ ಮನಸ್ಸು ಇರಬೇಕೆಂದಿಲ್ಲ, ಕೆಲವರು ಮನೆಯವರಿಗೆ ಗೊತ್ತಾಗುತ್ತದೆ ಅಂತ ಮುಂದಕ್ಕೆ ಹಾಕುತ್ತಾರೆ. ಅದು ಅವರಿಗೆ ಬಿಟ್ಟದ್ದು. ಬೇಕು ಅನ್ನುವವರಿಗೆ ಐದನೇ ಸೆಮಿಸ್ಟರ್ ಶುರುವಾದಾಗಲೇ ದಾರಿ ತೋರಿಸಿ: ಗುರುತಿನ ಪ್ರಮಾಣಪತ್ರ, ಆಧಾರ್, ಆಮೇಲೆ ಎಸ್ಸೆಸ್ಸೆಲ್ಸಿ, ಪಿಯು ದಾಖಲೆ, ಕೊನೆಗೆ ವಿಶ್ವವಿದ್ಯಾನಿಲಯಕ್ಕೆ ಕಾಲೇಜಿನ ಮುಖಾಂತರ ಅರ್ಜಿ. ಪ್ರತಿ ಅರ್ಜಿಗೂ ಸ್ವೀಕೃತಿ ಪತ್ರ ಕೇಳಿ ಪಡೆಯಲು ಹೇಳಿ, ಒಂದೊಂದು ಪ್ರತಿ ನೀವೂ ಇಟ್ಟುಕೊಳ್ಳಿ, ಬೀಗ ಇರುವ ಡ್ರಾಯರಿನಲ್ಲಿ. ಒಂದೊಂದು ಮೇಜಿನಲ್ಲೂ ತಿಂಗಳು ಹಿಡಿಯುತ್ತದೆ, ಘಟಿಕೋತ್ಸವದ ಪ್ರಕಟಣೆ ಬಂದ ಮೇಲೆ ಓಡಾಡಿದರೆ ತಡವಾಗಿರುತ್ತದೆ.